ನೂರ ಇಪ್ಪತ್ತೊಂದನೆಯ ಸಾಲು

ಕಂಪ್ಯೂಟರು ಒಂದೇ ಒಂದು ಸಂಖ್ಯೆ ಕೊಟ್ಟು ಸುಮ್ಮನಾಯಿತು: ಐವತ್ತೇಳು. ಶಾಹಿನಾ ಹೆಸರುಗಳ ಪಟ್ಟಿ ತೆರೆದು ಐವತ್ತೇಳನೆಯ ಸಾಲಿನ ಮೇಲೆ ಬೆರಳಿಟ್ಟಳು. ಅಮ್ಮು, ವಯಸ್ಸು ಐವತ್ತಮೂರು, ದೇಲಂಪಾಡಿ ಕೇಂದ್ರ, ಬೀಡಿ ಕೆಲಸ. ಪರದೆಯ ಗಾಜು ಬೆಚ್ಚಗಿತ್ತು. ಕೆಳಗೆ ಮಮ್ಮಾಲಿಕನ ಚಾ ಅಂಗಡಿಯಲ್ಲಿ ಗ್ಲಾಸು ತೊಳೆಯುವ ಸದ್ದು, ನಾಯ್ಮಾರ್ಮೂಲೆಯ ಬಸ್ಸುಗಳ ಹಾರನ್ನು, ಮೇಲೆ ಫ್ಯಾನು, ಇವೆಲ್ಲದರ ನಡುವೆ ಆ ಹೆಸರು ಯಾರೋ ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ ಹೆಂಗಸಿನ ಹಾಗೆ ಅವಳ ಎದುರಿಗೆ ಕೂತಿತ್ತು. ತಾನು ಯಾಕೆ ಬಂದೆನೆಂದು ಗೊತ್ತಿಲ್ಲದೆ, ಕೈಯನ್ನು ಮಡಿಲಲ್ಲಿಟ್ಟುಕೊಂಡು. ಮೂರು ಗಂಟೆಯೊಳಗೆ ಪಟ್ಟಿ ಮುಖ್ಯ ಕಚೇರಿಗೆ ಹೋಗಬೇಕು. ಟ್ರಸ್ಟಿನವರು ಊರೂರಿಗೆ ಆರೋಗ್ಯ ಸಖಿಯರನ್ನು ನೇಮಿಸಲು ಇಟ್ಟ ಪರೀಕ್ಷೆಯಲ್ಲಿ ನೂರ ಇಪ್ಪತ್ತು ಹೆಂಗಸರು ಕೂತಿದ್ದರು. ನಲವತ್ತು ಪ್ರಶ್ನೆ, ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ, ಸರಿಯಾದದ್ದಕ್ಕೆ ಒಂದು ಗೆರೆ. ದೇಲಂಪಾಡಿಯವರೆಲ್ಲ ಲೋಲಾಕ್ಷಿ ಎಂಬವಳ ಹಾಳೆ ನೋಡಿ ಬರೆದಿದ್ದಾರೆಂದು ಮುಖ್ಯ ಕಚೇರಿಗೆ ಹೆಸರಿಲ್ಲದ ಒಂದು ಪತ್ರ ಹೋಗಿತ್ತು. ಲೋಲಾಕ್ಷಿಯ ನಲವತ್ತು ಉತ್ತರಗಳಿಗೆ ಯಾರ ಯಾರ ನಲವತ್ತು ಉತ್ತರ ಹೊಂದುತ್ತದೆಂದು ಹುಡುಕಿ, ಆ ಹೆಸರುಗಳ ಮುಂದೆ ‘ನಕಲು: ಹೌದು’ ಎಂದು ಬರೆದು, ಕೆಳಗೆ ಸಹಿ ಮಾಡುವುದು ಶಾಹಿನಾಳ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಆ ಕಚೇರಿಯಲ್ಲಿ ಅವಳೊಬ್ಬಳೇ. ಅವಳ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು.

“ಎಂತ ಬಂತು?” ಬೆನ್ನ ಹಿಂದೆ ವಿಜೇತ್ ನಿಂತಿದ್ದ. ಯೋಜನೆಯ ಸಂಯೋಜಕ. ಅವನ ಕೈಯಲ್ಲಿ ಸದಾ ಬೈಕಿನ ಕೀ ಇರುತ್ತಿತ್ತು, ಮಾತಾಡುವಾಗ ಅದು ಬೆರಳಲ್ಲಿ ಸುತ್ತುತ್ತಿತ್ತು.

“ಒಬ್ಬರು ಸರ್.”

“ಒಬ್ಬರೇ?” ಕೀ ನಿಂತಿತು. “ದೇವರು ದೊಡ್ಡವನು ಮಾರಾಯ್ತಿ. ನಾನು ಎಣಿಸಿದ್ದೆ ಇಡೀ ಸೆಂಟರೇ ಹೋಗ್ತದೆ ಅಂತ. ಒಂದು ಹೆಸರು, ಒಂದು ಸಹಿ, ಕಳಿಸಿ ಬಿಡಿ. ಊಟಕ್ಕೆ ಹೋಗುವ.”

ಅವಳು ಅಮ್ಮುವಿನ ಹಾಳೆಯನ್ನು ಕಟ್ಟಿನಿಂದ ಎಳೆದಳು. ಮೊದಲ ಪ್ರಶ್ನೆಗೆ ಬಿ. ಎರಡಕ್ಕೆ ಬಿ. ಮೂರು, ನಾಲ್ಕು, ಹತ್ತು, ಇಪ್ಪತ್ತು, ಮೇಲಿನಿಂದ ಕೆಳಗಿನವರೆಗೆ ನಲವತ್ತು ಪ್ರಶ್ನೆಗೂ ಬಿ. ಗೆರೆಗಳು ಒಂದರ ಕೆಳಗೊಂದು, ಬೀಡಿ ಕಟ್ಟಿನ ಹಾಗೆ ಅಚ್ಚುಕಟ್ಟು. ಅಂಕ ಒಂಬತ್ತು. ಲೋಲಾಕ್ಷಿಯದ್ದು ಮೂವತ್ತಾರು. ಒಂಬತ್ತು ಅಂಕದ ಹಾಳೆ ಮೂವತ್ತಾರು ಅಂಕದ ಹಾಳೆಗೆ ಅಕ್ಷರಕ್ಕಕ್ಷರ ಹೊಂದುತ್ತದೆಂದು ಯಂತ್ರ ಹೇಳಿದೆ, ತಾನು ‘ಒಬ್ಬರು ಸರ್’ ಎಂದಿದ್ದೇನೆ. ಅವಳ ಕಿವಿ ಬಿಸಿಯಾಯಿತು. ತಪ್ಪು ಎಲ್ಲಿ ಎಂದು ಕಣ್ಣಿಗೆ ಕಾಣುವ ಮೊದಲೇ ಕಿವಿ ಬಿಸಿಯಾಗುವುದು ಅವಳಿಗೆ ಮದ್ರಸದ ಕಾಲದಿಂದ ಬಂದದ್ದು.

ಯಂತ್ರಕ್ಕೆ ಅವಳು ಬರೆದುಕೊಟ್ಟದ್ದು ಒಂದೇ ಸಾಲು. ಆರ್ ಎಂಬ ಲೆಕ್ಕದ ಭಾಷೆಯಲ್ಲಿ ಎಡಕ್ಕೆ ನೂರ ಇಪ್ಪತ್ತು ಸಾಲು, ನಲವತ್ತು ಕಂಬದ ಕೋಷ್ಟಕ. ಬಲಕ್ಕೆ ಲೋಲಾಕ್ಷಿಯ ನಲವತ್ತು ಉತ್ತರಗಳ ಸರ. ನಡುವೆ ಎರಡು ಸಮ ಚಿಹ್ನೆ. ಪ್ರತಿ ಹೆಂಗಸಿನ ಸಾಲಿನ ಪಕ್ಕದಲ್ಲಿ ಈ ಸರವನ್ನು ಅಡ್ಡಕ್ಕೆ ಇಟ್ಟು ನೋಡುತ್ತದೆಂದು ಅವಳು ಎಣಿಸಿದ್ದಳು. ಯಂತ್ರ ಹಾಗೆ ಓದುವುದಿಲ್ಲ. ಅದು ಕಂಬದ ಗುಂಟ ಮೇಲಿಂದ ಕೆಳಗೆ ಇಳಿಯುತ್ತದೆ. ಲೋಲಾಕ್ಷಿಯ ಮೊದಲ ಉತ್ತರವನ್ನು ಮೊದಲ ಹೆಂಗಸಿಗೆ, ಎರಡನೆಯದನ್ನು ಎರಡನೆಯ ಹೆಂಗಸಿಗೆ, ನಲವತ್ತನೆಯದನ್ನು ನಲವತ್ತನೆಯವಳಿಗೆ ಹಿಡಿದು, ಸರ ಮುಗಿದಾಗ ತಸ್ಬೀಹಿನ ಮಣಿಗಳಂತೆ ಮತ್ತೆ ಮೊದಲಿನಿಂದ ತಿರುಗಿಸುತ್ತದೆ. ನಲವತ್ತೊಂದನೆಯವಳಿಗೆ ಪುನಃ ಮೊದಲ ಉತ್ತರ. ಹಾಗೆ ಮೂರು ಸುತ್ತು ಬಂದರೆ ಒಂದು ಕಂಬ ಮುಗಿಯಿತು, ಮುಂದಿನ ಕಂಬಕ್ಕೆ ಮತ್ತೆ ಮೂರು ಸುತ್ತು. ಹೀಗಾಗಿ ಐವತ್ತೇಳನೆಯ ಸಾಲಿನ ಅಮ್ಮುವಿನ ನಲವತ್ತು ಉತ್ತರಗಳನ್ನೂ ಲೋಲಾಕ್ಷಿಯ ಹದಿನೇಳನೆಯ ಉತ್ತರವೊಂದಕ್ಕೇ ಹಿಡಿದು ನೋಡಿತ್ತು. ಅದು ಬಿ. ಅಮ್ಮು ಸಿಕ್ಕಿಬಿದ್ದಳು. ಲೆಕ್ಕ ಎಲ್ಲೂ ಒಡೆಯಲಿಲ್ಲ, ಒಂದು ಮಣಿಯೂ ಉಳಿಯಲಿಲ್ಲ, ಹಾಗಾಗಿ ಯಂತ್ರ ಎಚ್ಚರಿಕೆಯ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ ಎಂಬ ನೆಮ್ಮದಿಯಲ್ಲಿ ಮಿನುಗುತ್ತಿತ್ತು.

“ಸರ್, ಇದು ತಪ್ಪು. ನನ್ನದು ತಪ್ಪು.”

“ತಪ್ಪು ಅಂದರೆ?”

“ಅಡ್ಡ ನೋಡಬೇಕಾದ್ದನ್ನು ಉದ್ದ ನೋಡಿದೆ. ಇವರು ಯಾರದ್ದೂ ನೋಡಿ ಬರೆದವರಲ್ಲ. ಎಲ್ಲದಕ್ಕೂ ಬಿ ಹಾಕಿದ್ದಾರೆ ಅಷ್ಟೆ.”

ವಿಜೇತ್ ಹಾಳೆ ನೋಡಿ ನಕ್ಕ. ಆಮೇಲೆ ನಗು ಅವಳ ಕಡೆಗೆ ತಿರುಗಿತು. “ಎಂ.ಎಸ್ಸಿ. ಅಲ್ವಾ ನೀವು? ನಾನು ಬಿ.ಕಾಂ., ನನಗೆ ಅಡ್ಡ ಉದ್ದ ಗೊತ್ತುಂಟು.” ಕೀ ಮತ್ತೆ ಸುತ್ತತೊಡಗಿತು. ಸ್ವರ ತಗ್ಗಿಸಿ, ಇದು ಉಪಕಾರವೆಂಬಂತೆ ಹೇಳಿದ: “ನೋಡಿ ಶಾಹಿನಾ, ಈ ಅಮ್ಮು ಹೇಗೂ ಫೇಲ್. ಹೋದರೆ ಅವರಿಗೆ ನಷ್ಟ ಇಲ್ಲ. ಮೇಲಿನವರಿಗೆ ಒಂದು ಹೆಸರು ಬೇಕು, ಉಂಟು. ಯಂತ್ರ ಕೊಟ್ಟದ್ದು ಅಂತ ಹೇಳುವ. ನೀವು ಯಾಕೆ ಕೆದಕುದು?”

ಕೆದಕಬೇಡ. ಅದೇ ಮಾತು. ಅಡುಗೆಮನೆಯ ಬಾಗಿಲಲ್ಲಿ ಉಮ್ಮ ಅದನ್ನು ಹಲ್ಲು ಕಚ್ಚಿ ಹೇಳಿದ್ದಳು, ಒಳಗೆ ಚಾಪೆಯ ಮೇಲೆ ನೆಂಟರೆಲ್ಲ ನಗುತ್ತಿದ್ದಾಗ. ಶಾಹಿನಾಳಿಗೆ ಆಗ ಒಂಬತ್ತು ವರ್ಷ, ಮದ್ರಸದಲ್ಲಿ ಹೊಸತಾಗಿ ಓದಲು ಕಲಿತಿದ್ದಳು, ಓದಲು ಬಂದದ್ದು ಮೈಯಲ್ಲೆಲ್ಲ ತುರಿಸುತ್ತಿತ್ತು. ಸಂಜೆಯ ಮಗ್ರಿಬ್ ನಮಾಜು ಕಳೆದ ಮೇಲೆ ಅಜ್ಜಿ, ಉಮ್ಮಾಮ, ಗೋಡೆಗೆ ಒರಗಿ ಕಣ್ಣುಮುಚ್ಚಿ ಪುಣ್ಯವಂತರನ್ನು ಹೊಗಳುವ ಮಾಲೆಯ ಹಾಡು ಹೇಳುತ್ತಿದ್ದಳು. ಉಮ್ಮಾಲಿಮ್ಮ ಎಂದು ಊರಿಗೆ ಗೊತ್ತಿದ್ದ ಅವಳು ಹೇಳುವಾಗ ಕೇರಿಯ ಹೆಂಗಸರು ಮೀನಿನ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದರು. ತಾಳ್ಮೆಯಿಂದ ಬದುಕಿದ ಹೆಂಗಸರ ಹೆಸರುಗಳು ಒಂದರ ಹಿಂದೊಂದು ಬರುವ ಒಂದು ಕಡೆ ಉಂಟು, ಅಲ್ಲಿ ಸ್ವರ ಏರುತ್ತಿತ್ತು, ಏಳನೆಯ ಹೆಸರಿನಲ್ಲಿ ಅದು ಸ್ವಲ್ಪ ನಡುಗಿ ಮುಂದೆ ಹೋಗುತ್ತಿತ್ತು. ಅಕ್ಷರ ಗೊತ್ತಿಲ್ಲದ ಉಮ್ಮಾಮ ಇಡೀ ಮಾಲೆಯನ್ನು ಕಿವಿಯಿಂದ ಕಲಿತಿದ್ದಳು, ಅವಳ ಮಡಿಲಲ್ಲಿ ಮಲಗಿ ಶಾಹಿನಾ ಕಿವಿಯಿಂದಲೇ ಕಲಿತಿದ್ದಳು. ಆ ದಿನ ಮಾತ್ರ ಅವಳ ಕೈಯಲ್ಲಿ ಅಚ್ಚಾದ ಪುಸ್ತಕವಿತ್ತು. ಬೆರಳಿಟ್ಟು ಸಾಲು ಸಾಲಾಗಿ ಹಿಡಿದು ನೋಡಿದಳು, ಹೆಸರು ಆರೇ ಇತ್ತು. “ಉಮ್ಮಾಮ, ಐಸಾಬಿ ಕಿತಾಬಿನಲ್ಲಿ ಇಲ್ಲ. ಉಮ್ಮಾಮ ತಪ್ಪು ಹೇಳುದು.” ಹೆಂಗಸರು ನಕ್ಕರು, ಮಗು ಎಷ್ಟು ಚುರುಕು ಎಂದರು. ಉಮ್ಮಾಮನೂ ನಕ್ಕಳು. ನಗುವಾಗ ಅವಳ ಕೈ ತಲೆಗೆ ಹೊದ್ದ ತಟ್ಟವನ್ನು ಸರಿಮಾಡಿಕೊಳ್ಳುತ್ತಲೇ ಇತ್ತು, ಸರಿಯಾಗಿಯೇ ಇದ್ದ ತಟ್ಟವನ್ನು.

“ಹತ್ತು ನಿಮಿಷ ಕೊಡಿ ಸರ್,” ಎಂದಳು ಶಾಹಿನಾ.

ಕೋಷ್ಟಕವನ್ನು ಮಗ್ಗುಲಿಗೆ ತಿರುಗಿಸಿದಳು. ಮಲಗಿದ್ದ ಸಾಲುಗಳು ಎದ್ದು ಕಂಬಗಳಾದವು, ಪ್ರತಿ ಕಂಬ ಒಬ್ಬ ಹೆಂಗಸು. ಈಗ ಸರ ಮೇಲಿಂದ ಕೆಳಗಿಳಿದರೆ ಒಬ್ಬೊಬ್ಬಳ ಪಕ್ಕದಲ್ಲಿ ಪೂರ್ತಿ ಇಳಿಯುತ್ತದೆ. ನಲವತ್ತಕ್ಕೆ ನಲವತ್ತು ಹೊಂದಿದವರನ್ನು ಮಾತ್ರ ಹೇಳು ಎಂದಳು. ಕೀಲಿ ಒತ್ತುವ ಮೊದಲು, ಎಂದಿನ ಹಾಗೆ, ಬಾಯೊಳಗೆ ಅಲ್ಲಾಹನ ಹೆಸರು, ಬಿಸ್ಮಿ. ಹತ್ತೊಂಬತ್ತು ಸಂಖ್ಯೆಗಳು ಬಂದವು. ಒಂದು ಲೋಲಾಕ್ಷಿಯದ್ದೇ, ತನ್ನ ಸಾಲು ತನಗೆ ಹೊಂದಲೇಬೇಕಲ್ಲ. ಉಳಿದ ಹದಿನೆಂಟೂ ದೇಲಂಪಾಡಿ. ಸರಿಯಾದ ಮೂವತ್ತಾರೂ ಒಂದೇ, ತಪ್ಪಾದ ನಾಲ್ಕೂ ಒಂದೇ: ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಸರಿ ಒಂದೇ ಆಗುವುದು ಸಹಜ. ತಪ್ಪೂ ಒಂದೇ ಆದರೆ ಏನು ಅರ್ಥವೆಂದು ಅವಳಿಗೆ ಕಾಲೇಜಿನಲ್ಲಿ ಕಲಿಸಿದ್ದರು, ಅದು ಹಾಗೆ ತಾನಾಗಿ ಆಗುವ ಸಂಭವ ಎಷ್ಟೆಂದು ಲೆಕ್ಕ ಹಾಕಿದರೆ ಸೊನ್ನೆಗಳ ನಂತರ ಸೊನ್ನೆ. ಅಮ್ಮುವನ್ನು ಬಿಡಿಸಲು ಹೋಗಿ ಹತ್ತೊಂಬತ್ತು ಜನರನ್ನು ಹಿಡಿದುಕೊಟ್ಟೆನೇ ಎಂದು ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಇನ್ನೂ ಅವನು ನೋಡಿಲ್ಲ. ಅಳಿಸಬಹುದು. ಆ ತಪ್ಪು ಸಾಲನ್ನೇ ಉಳಿಸಿ, ಯಂತ್ರ ಕೊಟ್ಟದ್ದು ಎಂದುಬಿಡಬಹುದು. ಒಂಬತ್ತು ಅಂಕದ ಒಬ್ಬಳು ಹೋಗುತ್ತಾಳೆ, ಹತ್ತೊಂಬತ್ತು ಜನ ಉಳಿಯುತ್ತಾರೆ, ತಾನೂ ಉಳಿಯುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

“ಹತ್ತೊಂಬತ್ತು ಸರ್,” ಎಂದಳು ಗಟ್ಟಿಯಾಗಿ, ತನಗೇ ಮೋಸ ಮಾಡಲು ಸಮಯ ಸಿಗದ ಹಾಗೆ.

ವಿಜೇತ್ ಕೂತುಬಿಟ್ಟ. “ಹೋಯ್ತು. ಊಟವೂ ಹೋಯ್ತು.” ಅವನು ಲೋಲಾಕ್ಷಿಗೆ ಬೆಳಿಗ್ಗೆಯೇ ಫೋನು ಮಾಡಿದ್ದ, ವಿಚಾರಣೆ ಆಗಿದೆ ಎಂದು ಕಾಗದದಲ್ಲಿ ತೋರಿಸಬೇಕಲ್ಲ. ಅವರು ಮುಳ್ಳೇರಿಯ ದಾಟಿದ್ದಾರಂತೆ, ಬಸ್ಸಿನಲ್ಲಿದ್ದಾರಂತೆ.

ಅವರು ಬರುವ ಮೊದಲು ಅವಳು ಹಳೆಯ ಫೈಲುಗಳ ಕೋಣೆಯಲ್ಲಿ ಚಾಪೆ ಹಾಸಿ ಲುಹರ್ ನಮಾಜು ಮಾಡಿದಳು. ಮಧ್ಯಾಹ್ನದ ನಮಾಜಿನಲ್ಲಿ ಓದುವುದು ತುಟಿಯೊಳಗೇ. ಫಾತಿಹದ ನಡುವೆ ಮನಸ್ಸು ಪಟ್ಟಿಯ ಕಡೆ ಹೋಯಿತು, ಹಿಂದೆ ಬಂದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ನಾಲ್ಕನೆಯ ವಾಕ್ಯವೋ ಐದನೆಯದೋ. ನೇರ ಅಲ್ಲಿಗೆ ಹೋಗಲು ನೋಡಿದಳು, ನಾಲಿಗೆ ಒಪ್ಪಲಿಲ್ಲ. ಮೂರನೆಯ ವಯಸ್ಸಿನಿಂದ ಬಾಯಲ್ಲಿರುವುದು, ದಿನಕ್ಕೆ ಎಷ್ಟು ಸಲ ಓದುವುದು, ನಡುವೆ ಕಾಲಿಡಲು ಜಾಗವಿಲ್ಲ. ಮೊದಲಿನಿಂದ ಶುರುಮಾಡಿದಳು. ಶುರುಮಾಡಿದೊಡನೆ ಅದು ತಾನೇ ಹರಿದುಕೊಂಡು ಬಂದು ತಪ್ಪಿದ ಕಡೆಯನ್ನು ದಾಟಿ ಹೋಯಿತು. ಸುಜೂದಿನಲ್ಲಿ ಹಣೆ ಚಾಪೆಗೆ ತಾಗಿದಾಗ ಧೂಳಿನ, ಹಳೆಯ ಕಾಗದದ ವಾಸನೆ ಬಂತು, ಮತ್ತು ಉಮ್ಮಾಮನ ಮಡಿಲಿನ ವಾಸನೆ, ಸುಣ್ಣ, ವೀಳ್ಯದೆಲೆ. ಆ ಸಂಜೆಯ ನಂತರವೂ ಉಮ್ಮಾಮ ಮಾಲೆ ಹೇಳುತ್ತಿದ್ದಳು. ಆರು ಹೆಸರು ಹೇಳುತ್ತಿದ್ದಳು. ಆರನೆಯದಾದ ಮೇಲೆ ಒಂದು ಹೆಸರು ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನ ಸಾಲು. ಮರೆತಳು ಎಂದೇ ಶಾಹಿನಾ ತಿಳಿದಿದ್ದಳು. ಹದಿನಾಲ್ಕು ವರ್ಷ ಆ ಮೌನವನ್ನು ಕೇಳಿದ್ದಳು, ಉಸಿರು ತೆಗೆದುಕೊಳ್ಳುವುದು ಎಂದುಕೊಂಡಿದ್ದಳು. ಉಮ್ಮಾಮ ಹೋದ ನಲವತ್ತನೆಯ ದಿನ ಯಾರೋ ಮಾಲೆ ಹೇಳುವಾಗ ಒಬ್ಬಳು ಮುದುಕಿ, “ನಿನ್ನ ಉಮ್ಮಾಮ ಇಲ್ಲಿ ತಂಗಿಯ ಹೆಸರು ಸೇರಿಸುತ್ತಿದ್ದಳು, ಪಾಪ, ಹದಿನೇಳಕ್ಕೆ ಹೆರಿಗೆಯಲ್ಲಿ ಹೋದವಳು” ಎಂದಳು, ಅಕ್ಕಿ ಹಸನು ಮಾಡುತ್ತ, ಏನೂ ಅಲ್ಲದ ಮಾತಿನ ಹಾಗೆ.

ಮೆಟ್ಟಿಲಲ್ಲಿ ಚಪ್ಪಲಿಗಳ ಸದ್ದು. ಮೂವರು ಬಂದಿದ್ದರು. ಮುಂದೆ ಲೋಲಾಕ್ಷಿ, ನಲವತ್ತರ ಸಮೀಪದವಳು, ಬೆರಳ ತುದಿಗಳಲ್ಲಿ ಬೀಡಿ ಎಲೆಯ ಕಂದು. ಅವಳ ಹಿಂದೆ ಯಶ್ಮಿತಾ ಎಂಬ ಇಪ್ಪತ್ತರ ಹುಡುಗಿ, ಅದೇ ಹತ್ತೊಂಬತ್ತರಲ್ಲಿ ಒಬ್ಬಳು. ಕೊನೆಗೆ ಕರೆಯದೆಯೇ ಬಂದ ಅಮ್ಮು. “ಇವರಿಬ್ಬರನ್ನೇ ಕಳಿಸುದು ಹೇಗೆ ಅಂತ ನಾನೂ ಬಂದೆ,” ಎಂದು ಅಮ್ಮು ತಾನಾಗಿ ಕುರ್ಚಿ ಎಳೆದುಕೊಂಡು ಕೂತಳು. ಶಾಹಿನಾ ಅವಳ ಮುಖ ನೋಡಲಾರದೆ ಕೈ ನೋಡಿದಳು. ಕೈ ನಿಜವಾಗಿಯೂ ಮಡಿಲಲ್ಲಿತ್ತು.

ವಿಜೇತನ ಮನೆಮಾತು ತುಳು, ಅವರದ್ದೂ ತುಳು. ಫೋನಿನಲ್ಲಿ ತುಳುವಿನಲ್ಲೇ ಬರಹೇಳಿದ್ದವನು ಈಗ ಕನ್ನಡಕ್ಕೆ ಇಳಿದ. ವಿಚಾರಣೆಯ ಕನ್ನಡ. “ನಿಮ್ಮ ಹಾಳೆಯೂ ಇನ್ನು ಹದಿನೆಂಟು ಹಾಳೆಯೂ ಒಂದೇ ಉಂಟು. ಸರಿ ಉತ್ತರ ಬಿಡಿ. ತಪ್ಪೂ ಒಂದೇ. ಎಂತ ಹೇಳ್ತೀರಿ?”

“ಒಟ್ಟಿಗೆ ಕಲಿತದ್ದಲ್ವಾ ಸರ್, ಒಂದೇ ಆಗದೆ ಬೇರೆ ಹೇಗೆ ಆಗ್ತದೆ?”

“ಒಟ್ಟಿಗೆ ಬರೆದದ್ದು ಅಂತ ಹೇಳಿ.”

“ಬರೆಯುವಾಗ ಒಬ್ಬಳು ಆ ಮೂಲೆ, ಒಬ್ಬಳು ಈ ಮೂಲೆ. ನಿಮ್ಮ ಜನವೇ ಕೂರಿಸಿದ್ದು.” ಲೋಲಾಕ್ಷಿಯ ಸ್ವರ ಏರಲಿಲ್ಲ. “ನಕಲು ಅಂತ ಊರಲ್ಲಿ ಹೇಳಿದರೆ ನಾಳೆ ಯಾರ ಮನೆಗೆ ಹೋಗಿ ಜ್ವರ ನೋಡ್ಲಿಕ್ಕೆ ಆಗ್ತದೆ ನನಗೆ? ಕೆಲಸ ಬೇಡ ಅಂದರೆ ಬೇಡ. ಆ ಮಾತು ಬೇಡ.”

ಅಮ್ಮು ಕತ್ತು ಮುಂದೆ ಚಾಚಿದಳು. “ನಾನು ಯಾರದ್ದೂ ನೋಡಲಿಲ್ಲ ಟೀಚರೇ. ನನ್ನ ಕಿವಿ ಸರಿ ಇಲ್ಲ, ಹಾಡು ತಲೆಗೆ ಹೋಗಲಿಲ್ಲ. ಬಿ ಅಂದರೆ ಬೀಡಿ, ಅದೊಂದು ಗೊತ್ತುಂಟು ಅಂತ ಎಲ್ಲದಕ್ಕೂ ಅದೇ ಹಾಕಿದೆ. ಒಂಬತ್ತು ಬಂತಂತೆ! ಇನ್ನೆಂತ ಬೇಕು?”

“ಯಾವ ಹಾಡು?” ಎಂದಳು ಶಾಹಿನಾ.

ಯಶ್ಮಿತಾ ಲೋಲಾಕ್ಷಿಯ ಕಡೆ ನೋಡಿದಳು. ವಿಜೇತ್ ಅಸಹನೆಯಿಂದ ಪ್ರಶ್ನೆಪತ್ರಿಕೆ ಎತ್ತಿಕೊಂಡ. “ಹಾಡು ಆಮೇಲೆ. ಲೋಲಾಕ್ಷಿ, ಹದಿನೇಳನೆಯ ಪ್ರಶ್ನೆ. ಪೋಲಿಯೋದ ಒಟ್ಟಿಗೆ ಕೊಡುವ ಸೂಜಿಯ ಮೊದಲ ಡೋಸು ಎಷ್ಟನೇ ವಾರ?”

ಲೋಲಾಕ್ಷಿ ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ಮುಚ್ಚಿದಳು. ಕೈಬೆರಳುಗಳು ಮಡಿಲಲ್ಲಿ ಇಲ್ಲದ ಎಲೆಯೊಂದನ್ನು ಸುತ್ತಲು ತೊಡಗಿದವು. ತುಟಿ ಅಲ್ಲಾಡುತ್ತಿತ್ತು.

“ಗೊತ್ತಿಲ್ಲ,” ಎಂದ ವಿಜೇತ್, ತೀರ್ಪಿನ ಹಾಗೆ. “ಬರೆದದ್ದು ಇವರೇ, ಗೊತ್ತಿಲ್ಲ.”

“ಇರಿ ಸರ್.” ಶಾಹಿನಾ ಎದ್ದು ನಿಂತಿದ್ದಳು, ಎದ್ದದ್ದು ಅವಳಿಗೇ ತಿಳಿಯಲಿಲ್ಲ. “ಅವರು ಅಲ್ಲಿಗೆ ಬರ್ತಾ ಇದ್ದಾರೆ. ಲೋಲಾಕ್ಷಿಯಕ್ಕ, ಗಟ್ಟಿ ಹೇಳಿ. ಮೊದಲಿಂದಲೇ ಹೇಳಿ.”

ಲೋಲಾಕ್ಷಿ ಒಂದು ಸಲ ಅವಳನ್ನು ನೋಡಿದಳು. ಆಮೇಲೆ ತುಳುವಿನಲ್ಲಿ ಶುರುಮಾಡಿದಳು. ಗದ್ದೆಯಲ್ಲಿ ನೇಜಿ ನೆಡುವಾಗಿನ ಧಾಟಿ, ಮಾತು ಮಾತ್ರ ಟ್ರಸ್ಟಿನ ಕೈಪಿಡಿಯದ್ದು. ಕೈ ತೊಳೆಯುವುದು, ನೀರು ಕುದಿಸುವುದು, ಭೇದಿಗೆ ಸಕ್ಕರೆ ಎಷ್ಟು ಉಪ್ಪು ಎಷ್ಟು, ನಲವತ್ತು ಪಾಠದ್ದೂ ಒಂದೊಂದು ನುಡಿ, ಪಾಠಕ್ಕೊಂದು ಪ್ರಶ್ನೆಯಂತೆ ಪರೀಕ್ಷೆಯಲ್ಲಿ ಬಂದ ಅದೇ ಕ್ರಮದಲ್ಲಿ. ಎರಡು ತಿಂಗಳು ಮಧ್ಯಾಹ್ನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತ ಹತ್ತೊಂಬತ್ತು ಜನ ಇದನ್ನು ಹೇಳಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು, ಕೈಗೆ ಬಿಡುವಿಲ್ಲದವರು ಪುಸ್ತಕ ಹಿಡಿಯುವುದು ಹೇಗೆ. ಶಾಹಿನಾಳಿಗೆ ತುಳು ಅರ್ಧ ಬರುತ್ತಿತ್ತು. ಅರ್ಧ ಸಾಕಾಯಿತು. ಹದಿನೇಳನೆಯ ನುಡಿಗೆ ಬಂದಾಗ ಸ್ವರ ತುಸು ಮೆತ್ತಗಾಯಿತು: ‘ಎಣ್ಮ ವಾರೊಗು ಸುರುತ ಸೂಜಿ, ಮೋಕ್ಷಿತ ಬುಳ್ಪುವಳ್.’ ಎಂಟನೆಯ ವಾರಕ್ಕೆ ಮೊದಲ ಸೂಜಿ, ಮೋಕ್ಷಿತಾ ಅಳುತ್ತಾಳೆ. ನಿಲ್ಲದೆ ನಲವತ್ತನೆಯ ನುಡಿಯವರೆಗೂ ಹೋದಳು.

“ಎಂಟಲ್ಲ, ಆರು!” ವಿಜೇತ್ ಮೇಜು ತಟ್ಟಿದ. “ಆಮೇಲೆ ಹತ್ತು, ಹದಿನಾಲ್ಕು. ನೀವು ಹೇಳಿದ್ದು ಎಂಟು, ಹನ್ನೆರಡು, ಹದಿನಾರು. ಪುಸ್ತಕದಲ್ಲಿ ಎಲ್ಲುಂಟು ಎಂಟು? ಯಾರು ಮೋಕ್ಷಿತಾ?”

“ಮಗಳು,” ಎಂದಳು ಲೋಲಾಕ್ಷಿ. ಕೈ ನಿಂತಿತ್ತು. “ನನ್ನ ಮಗಳಿಗೆ ಎಂಟನೇ ವಾರಕ್ಕೇ ಕೊಟ್ಟದ್ದು. ಆರಕ್ಕೆ ಜ್ವರ ಇತ್ತು. ಅವಳ ಕಾರ್ಡು ಉಂಟು ಮನೆಯಲ್ಲಿ, ನಾನು ಅದು ನೋಡಿಯೇ ಕಟ್ಟಿದ್ದು ಆ ನಾಲ್ಕು ನುಡಿ. ಮೀಸಲ್ಸಿನ ಸೂಜಿಯೂ ಒಂದು ತಿಂಗಳು ತಡ ಆಗಿತ್ತು.” ಅವಳು ಪುಸ್ತಕವನ್ನು, ವಿಜೇತನನ್ನು, ಮತ್ತೆ ಪುಸ್ತಕವನ್ನು ನೋಡಿದಳು. “ತಪ್ಪು ನನ್ನದು. ನನ್ನ ಬಾಯಿಂದ ಎಲ್ಲರ ಬಾಯಿಗೆ ಹೋಗಿದೆ.”

ಅವನು ಯಶ್ಮಿತಾಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಶಾಹಿನಾಳೂ ಹೋದಳು. ಹತ್ತೊಂಬತ್ತನೆಯ ಪ್ರಶ್ನೆ ಕೇಳಿದ. ಹುಡುಗಿ ನಾಚಿಕೊಂಡು, ಗೋಡೆಗೆ ಮುಖ ಮಾಡಿ, ಕೈ ತೊಳೆಯುವುದರಿಂದ ಶುರುಮಾಡಿದಳು. ಅದೇ ಧಾಟಿ, ಅದೇ ಉಸಿರು. ಮೋಕ್ಷಿತಾ ಅಲ್ಲೂ ಅತ್ತಳು. ಇವಳಿಗೆ ಮದುವೆಯೂ ಆಗಿಲ್ಲ, ಯಾರದ್ದೋ ಮಗುವಿನ ಜ್ವರವನ್ನು ಬಾಯಿಪಾಠ ಹೇಳುತ್ತಿದ್ದಾಳೆ ಎಂದುಕೊಂಡಳು ಶಾಹಿನಾ. ವಿಜೇತ್ ಪೂರ್ತಿ ಕೇಳಿದ. ಅವನ ಕೈಯ ಕೀ ಯಾವಾಗಲೋ ಸುಮ್ಮನಾಗಿತ್ತು. ಅವನ ಅಜ್ಜಿಯೂ ಗದ್ದೆಗೆ ಇಳಿದವಳಿರಬೇಕು.

ಆದರೆ ಹೊರಗೆ ಬಂದಾಗ ಅವನು ಮತ್ತೆ ಸಂಯೋಜಕನಾಗಿದ್ದ. “ನನಗೆ ಅರ್ಥ ಆಯ್ತು. ಮೇಲಿನವರಿಗೆ ಆಗುದಿಲ್ಲ. ಅವರ ನಮೂನೆಯಲ್ಲಿ ಒಂದೇ ಕಂಬ ಉಂಟು: ನಕಲು, ಹೌದು ಅಥವಾ ಅಲ್ಲ. ಹೊಂದಿದರೆ ಹೌದು ಅಂತ ಅವರೇ ಬರೆದಿದ್ದಾರೆ. ಇದರಲ್ಲಿ ಹಾಡು ಎಲ್ಲಿ ತುಂಬಿಸುದು? ಮತ್ತೆ, ತಪ್ಪು ಹೇಳಿ ಒಂದು ಮಗುವಿಗೆ ಸೂಜಿ ತಡ ಆದರೆ?”

“ಅದು ತಿದ್ದುದು ಸರ್,” ಎಂದಳು ಲೋಲಾಕ್ಷಿ. “ಇವತ್ತು ಬಸ್ಸಿನಲ್ಲಿ ತಿದ್ದಿದರೆ ನಾಳೆ ಹತ್ತೊಂಬತ್ತು ಮನೆಯಲ್ಲೂ ಸರಿ ಆಗಿರ್ತದೆ. ನಿಮ್ಮ ಪುಸ್ತಕ ತಿದ್ದಿ ಅಚ್ಚು ಹಾಕಿ ಬರುವಾಗ ಎಷ್ಟು ದಿನ ಬೇಕು?”

“ಅಚ್ಚು!” ಎಂದಳು ಅಮ್ಮು, ಅರ್ಧ ಕೇಳಿಸಿಕೊಂಡು. “ನಮಗೆ ಪುಸ್ತಕ ಕೊಟ್ಟದ್ದೇ ಇಪ್ಪತ್ತು ಜನಕ್ಕೆ ಎರಡು.”

ವಿಜೇತ್ ಶಾಹಿನಾಳ ಕಡೆಗೆ ತಿರುಗಿದ. ಗಂಟೆ ಎರಡೂ ಮುಕ್ಕಾಲು. “ಹತ್ತೊಂಬತ್ತರ ಮುಂದೆ ಹೌದು ಹಾಕಿ ಸಹಿ ಮಾಡಿ. ನಾನು ಬೇರೆ ಕಾಗದದಲ್ಲಿ ನಾಲ್ಕು ಮಾತು ಬರೀತೇನೆ, ದೇವರಾಣೆ. ನೀವು ಮಾಡದಿದ್ದರೆ ಬೇರೆ ಯಾರೋ ಮಾಡ್ತಾರೆ. ನಿಮ್ಮ ರಿನ್ಯೂವಲೂ ಅವರ ಮೇಜಿನ ಮೇಲೆ ಉಂಟು, ಅದು ಮರೀಬೇಡಿ.”

ಅವನು ಬೆದರಿಸುತ್ತಿರಲಿಲ್ಲ, ನಿಜ ಹೇಳುತ್ತಿದ್ದ, ಅದೇ ಅವಳನ್ನು ಕೆರಳಿಸಿತು. ಕಿತಾಬಿನಲ್ಲಿ ಇಲ್ಲ ಎಂದು ಹೇಳಿದ್ದೂ ನಿಜವೇ ಆಗಿತ್ತು. ಸಾಲಿಗೆ ಸಾಲು ಹಿಡಿದು ನೋಡುವುದು ಅವಳಿಗೆ ಅಷ್ಟು ಚಿಕ್ಕಂದಿನಿಂದ ಬರುತ್ತಿತ್ತು, ಅದೇ ವಿದ್ಯೆಯಾಯಿತು, ಅದೇ ಸಂಬಳವಾಯಿತು. ಹೊಂದುತ್ತದೋ ಇಲ್ಲವೋ ಅಷ್ಟನ್ನೇ ಹೇಳುವ ಯಂತ್ರದ ಎದುರು ಕೂತು ಕೂತು, ಒಂಬತ್ತು ವರ್ಷದ ಆ ಬೆರಳು ಇನ್ನೂ ಪುಸ್ತಕದ ಮೇಲೆಯೇ ಇತ್ತು. ಉಮ್ಮಾಮ ಅವಳನ್ನು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಬದಲಿಗೆ ತಂಗಿಯನ್ನು ಸದ್ದಿಲ್ಲದೆ ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಅಂಥ ಹದಿನಾಲ್ಕು ವರ್ಷ. ಈಗ ಎದುರಿಗೆ ಇನ್ನೊಬ್ಬ ಹೆಂಗಸು, ಲೋಲಾಕ್ಷಿ, ತಟ್ಟ ಸರಿಮಾಡಿಕೊಳ್ಳುವ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ, ಸರಿಯಾಗಿಯೇ ಇರುವ ಸೆರಗನ್ನು. ಇಲ್ಲ. ಈ ಸಲ ಇಲ್ಲ.

ಶಾಹಿನಾ ಕಪಾಟಿನಿಂದ ಒಂದು ಖಾಲಿ ಉತ್ತರ ಹಾಳೆ, ಒಂದು ಪ್ರಶ್ನೆಪತ್ರಿಕೆ ತೆಗೆದಳು. ಲೋಲಾಕ್ಷಿಯ ಹಾಳೆಯನ್ನೂ ಉಳಿದ ಕಟ್ಟನ್ನೂ ಎತ್ತಿ ವಿಜೇತನ ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಪರದೆ ಆರಿಸಿದಳು. “ನೋಡ್ತಾ ಇರಿ ಸರ್, ನಾನು ಎಲ್ಲಿಗೂ ಕಣ್ಣು ಹಾಕುದಿಲ್ಲ.” ಕೂತು, ಬಿಸ್ಮಿ ಹೇಳಿ, ಕೈ ತೊಳೆಯುವುದರಿಂದ ಶುರುಮಾಡಿದಳು. ಎರಡು ಸಲ ಕೇಳಿದ್ದಳು. ಉಮ್ಮಾಮನ ಮಡಿಲಲ್ಲಿ ಬೆಳೆದವಳಿಗೆ ಅದು ಕಡಿಮೆಯೇನಲ್ಲ. ಹನ್ನೊಂದರಲ್ಲಿ ತಡವರಿಸಿ ನಿಂತಳು, ನಡುವಿನಿಂದ ಎತ್ತಿಕೊಳ್ಳಲಾಗಲಿಲ್ಲ. ಮತ್ತೆ ಮೊದಲಿಗೆ ಹೋಗಿ ಹರಿದು ಬಂದಳು, ಹನ್ನೊಂದು ದಾಟಿತು. ಅವಳ ಮುರುಕು ತುಳು ಕೇಳಿ ಯಶ್ಮಿತಾ ಬಾಯಿಗೆ ಕೈ ಹಿಡಿದು ನಕ್ಕಳು, ಲೋಲಾಕ್ಷಿ ಅವಳ ಮೊಣಕೈಗೆ ತಿವಿದಳು. ಹದಿನೇಳಕ್ಕೆ ಬಂದಾಗ ಶಾಹಿನಾಳಿಗೆ ಸರಿಯುತ್ತರ ಗೊತ್ತಿತ್ತು. ಹಾಡು ಹೇಳಿದ ಕಡೆಗೇ ಗೆರೆ ಎಳೆದಳು. ಬಿ. ಪೆನ್ನು ಕಾಗದ ಹರಿಯುವಷ್ಟು ಒತ್ತಿ. ನಲವತ್ತು ಮುಗಿದಾಗ ಇಳಿಹೊತ್ತಿನ ನಮಾಜು ಅಸರ್‌ಗೆ ಇನ್ನೂ ಹೊತ್ತಿತ್ತು, ಕೆಳಗೆ ಮಮ್ಮಾಲಿಕ ಯಾರನ್ನೋ “ಎಂತ ಮಾರಾಯ, ಚಾ ಆರಿತು” ಎಂದು ಬೈಯುತ್ತಿದ್ದ.

ಪರದೆ ಹೊತ್ತಿಸಿ ತನ್ನ ನಲವತ್ತು ಉತ್ತರಗಳನ್ನು ಕೋಷ್ಟಕದ ತಳಕ್ಕೆ ಸೇರಿಸಿದಳು. ನೂರ ಇಪ್ಪತ್ತೊಂದನೆಯ ಸಾಲು. ಕೋಷ್ಟಕವನ್ನು ಮಗ್ಗುಲಿಗೆ ತಿರುಗಿಸಿ, ಸರವನ್ನು ಇಳಿಬಿಟ್ಟು, ಕೀಲಿ ಒತ್ತಿದಳು. ಇಪ್ಪತ್ತು ಸಂಖ್ಯೆಗಳು. ಕೊನೆಯದು ನೂರ ಇಪ್ಪತ್ತೊಂದು.

ವಿಜೇತ್ ಬಗ್ಗಿ ನೋಡಿದ. “ಇದು ಯಾರು?”

“ನಾನು.”

“ನೀವು ಕ್ಯಾಂಡಿಡೇಟ್ ಅಲ್ಲ.”

“ಯಂತ್ರಕ್ಕೆ ಅದು ಗೊತ್ತಿಲ್ಲ ಸರ್. ಹೊಂದಿತು, ಹೇಳಿತು. ನಾನು ನಕಲು ಮಾಡಿದೆನಾ? ನೀವೇ ಎದುರಿಗೆ ಇದ್ದಿರಿ.”

ಅವಳು ನಮೂನೆಯನ್ನು ತೆರೆದಳು. ‘ನಕಲು’ ಎಂಬ ಕಂಬದ ತಲೆಯ ಮೇಲೆ ಹೋಗಿ ಆ ಪದವನ್ನು ಅಕ್ಷರ ಅಕ್ಷರವಾಗಿ ಅಳಿಸಿದಳು, ಆ ಜಾಗದಲ್ಲಿ ‘ಕೇಳಿ ಕಲಿತದ್ದು’ ಎಂದು ಬರೆದಳು. ಇಪ್ಪತ್ತು ಹೆಸರುಗಳ ಮುಂದೆ ‘ಹೌದು’. ಇಪ್ಪತ್ತನೆಯದು ಶಾಹಿನಾ, ವಯಸ್ಸು ಇಪ್ಪತ್ತೊಂಬತ್ತು, ಕೇಂದ್ರ ದೇಲಂಪಾಡಿ. ಕೆಳಗೆ ಮೂರು ಸಾಲು: ನಾಲ್ಕು ಉತ್ತರ ತಪ್ಪಾದದ್ದು ಯಾಕೆ, ಯಾರ ಮಗುವಿನ ಕಾರ್ಡಿನಿಂದ, ಅದು ಇಂದೇ ತಿದ್ದಲ್ಪಡುತ್ತದೆ. ನಂಬದವರು ಬಂದು ಯಾರನ್ನಾದರೂ ಯಾವ ಪ್ರಶ್ನೆಯನ್ನಾದರೂ ಕೇಳಬಹುದು, ಮೊದಲಿನಿಂದ ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ. ಸಹಿ ಮಾಡಿದಳು. ಬೆಳಿಗ್ಗೆ ತಾನು ಬರೆದ ಮೊದಲ ಸಾಲನ್ನೂ, ಅದು ಕೊಟ್ಟ ಐವತ್ತೇಳನ್ನೂ ತನ್ನ ತಪ್ಪೆಂದು ಸೇರಿಸಿದಳು. ಅಮ್ಮುವಿನ ಒಂಬತ್ತು ಅಂಕ ಅವಳದ್ದೇ ಎಂದು ಬರೆದಳು.

“ಇದನ್ನು ಕಳಿಸಿದರೆ ನಿಮ್ಮ ಕೆಲಸ…” ಎಂದ ವಿಜೇತ್.

“ಗೊತ್ತುಂಟು ಸರ್.”

ಬೆರಳು ಕೀಲಿಯ ಮೇಲಿತ್ತು. ಬಿಸ್ಮಿಯ ಜಾಗದಲ್ಲಿ ಬಾಯಿಗೆ ಬಂದದ್ದು ಮಾಲೆಯ ಆ ಕಡೆ, ತಾಳ್ಮೆಯ ಹೆಂಗಸರ ಹೆಸರುಗಳು. ಒಂದು, ಎರಡು, ಮೂರು. ಲೋಲಾಕ್ಷಿ ತಲೆ ಎತ್ತಿ ಕಿವಿಗೊಟ್ಟಳು, ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯುವವಳ ಹಾಗೆ. ನಾಲ್ಕು, ಐದು, ಆರು. ಅಲ್ಲಿ ಆ ಮೌನ ಬಂತು, ಒಂದು ಹೆಸರಿಗಾಗಿ ಉಮ್ಮಾಮ ಅಷ್ಟು ವರ್ಷ ಖಾಲಿ ಬಿಟ್ಟಿದ್ದ ಅಷ್ಟೇ ಅಗಲದ ಜಾಗ. ಶಾಹಿನಾ ಅದನ್ನು ಹಾರಿ ಹೋಗಲಿಲ್ಲ. ಗಟ್ಟಿಯಾಗಿ ಹೇಳಿದಳು, ಕೀಲಿ ಒತ್ತಿದಳು.

“ಎಂತ ಹೇಳಿದ್ದು ನೀವು?” ಎಂದ ವಿಜೇತ್.

“ಐಸಾಬಿ. ನನ್ನ ಉಮ್ಮಾಮನ ತಂಗಿ, ಸರ್. ಕಿತಾಬಿನಲ್ಲಿ ಇಲ್ಲ.”